ಗರ್ಭಸ್ರಾವವಾದ ತಾಯಿಗೆ ಮನೆಯಲ್ಲಿ ಏನೇನು ಒದಗಿಸಬೇಕು?

ಹೈನುಗಾರಿಕೆಯಲ್ಲಿ ಹೆಣ್ಣುಮಕ್ಕಳ ದುಡಿಮೆಯೇ ಹೆಚ್ಚು ಎಂಬುದನ್ನು ಸದಸ್ಯ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಸಗಣಿ ಬಾಚುವುದು, ಕೊಟ್ಟಿಗೆ ತೊಳೆಯುವುದು, ಹಾಲು ಕರೆಯುವುದು, ಡೇರಿಗೆ ಹಾಕಿ ಬರುವುದು, ಮಧ್ಯಾಹ್ನ ಮೇವಿನ ಹೊರೆ ತರುವುದು, ಸಂಜೆ ಮತ್ತೆ ಇದೇ ಕೆಲಸ. ಹಸು ಕಂದು ಹಾಕಿದರೆ ಮನೆಮಂದಿಯೆಲ್ಲ ಓಡಾಡುತ್ತೇವೆ. ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ, ಮಾಸು ಬಿತ್ತೇ ಇಲ್ಲವೇ ಎಂದು ಕಾಯುತ್ತೇವೆ, ಬೂಸಾ ಕಲಸಿ ಮುಂದಿಡುತ್ತೇವೆ. ಆದರೆ ಅದೇ ಮನೆಯ ಸೊಸೆಗೋ ಮಗಳಿಗೋ ಬಸಿರು ಇಳಿದು ಹೋದರೆ ಎಷ್ಟೋ ಮನೆಗಳಲ್ಲಿ ಮೂರನೆಯ ದಿನಕ್ಕೆ ಆಕೆ ಕೊಟ್ಟಿಗೆಯಲ್ಲಿರುತ್ತಾಳೆ. ಬಾಣಂತಿಗೆ ಸಿಗುವ ಎಣ್ಣೆನೀರು, ಬೆಚ್ಚನೆಯ ಮೂಲೆ, ಬಿಸಿ ಊಟ ಈಕೆಗೆ ಸಿಗುವುದಿಲ್ಲ. ಮಗು ಇಲ್ಲವಾದ್ದರಿಂದ ಬಾಣಂತನವೂ ಇಲ್ಲ ಎಂಬಂತೆ ನಡೆದುಕೊಂಡು ಬಂದಿದೆ. ಇದು ಸರಿಯಲ್ಲ. ಈಕೆಗೂ ಆರೈಕೆ ಬೇಕು. ಅದಕ್ಕೆ ಬೇಕಾದ ಸಾಮಾನುಗಳು ಬಹುಪಾಲು ನಮ್ಮ ಮನೆಗಳಲ್ಲೇ ಇವೆ.

ತಪ್ಪು ಯಾರದೂ ಅಲ್ಲ

ಸಾಮಾನ್ಯವಾಗಿ ಐದನೆಯ ತಿಂಗಳೊಳಗೆ ಗರ್ಭ ತಾನಾಗಿಯೇ ಹೋಗುವುದನ್ನು ಗರ್ಭಸ್ರಾವ ಎನ್ನುತ್ತಾರೆ. ಬಸಿರು ಖಚಿತವಾದ ಪ್ರತಿ 100 ತಾಯಂದಿರಲ್ಲಿ ಸುಮಾರು 10 ರಿಂದ 15 ಮಂದಿಗೆ ಹೀಗಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಆಗುತ್ತವೆ. ಮೊದಲ ತಿಂಗಳುಗಳಲ್ಲಿ ಆಗುವ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿ ಮೊದಲಿನಿಂದಲೇ ಇರುವ ದೋಷವೇ ಕಾರಣ. ಅಂತಹ ಗರ್ಭವನ್ನು ಯಾರೂ ಉಳಿಸಲಾರರು.

ಒಂದು ದಿನ ಹೊರೆ ಹೊತ್ತದ್ದು, ಬಸ್ಸಿನಲ್ಲಿ ಹೋಗಿ ಬಂದದ್ದು, ಒಂದು ಹೋಳು ಪಪ್ಪಾಯಿ ಹಣ್ಣು ತಿಂದದ್ದು, ಯಾರದೋ ಕಣ್ಣು ಬಿದ್ದದ್ದು ಇದಕ್ಕೆ ಕಾರಣವೆಂದು ಆಕೆಯನ್ನು ದೂರಬಾರದು. ಆಕೆಯೇ ತನ್ನನ್ನು ದೂರಿಕೊಳ್ಳುತ್ತಿದ್ದರೆ ಮನೆಯ ಹಿರಿಯರು ಈ ಮಾತನ್ನು ತಿಳಿಸಿ ಹೇಳಬೇಕು.

ಮೊದಲು ಆಸ್ಪತ್ರೆ, ಆಮೇಲೆ ಮನೆ

ರಕ್ತ ಹೋದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ಯಬೇಕು. ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯಿರಿ. ಗರ್ಭಕೋಶದಲ್ಲಿ ಏನಾದರೂ ಉಳಿದಿದೆಯೇ ಎಂದು ವೈದ್ಯರು ನೋಡಬೇಕು. ಉಳಿದರೆ ರಕ್ತಸ್ರಾವ ನಿಲ್ಲುವುದಿಲ್ಲ, ನಂಜೂ ಆಗುತ್ತದೆ. ಹಸುವಿನ ಮಾಸು ಪೂರ್ತಿ ಬೀಳದಿದ್ದರೆ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೈದ್ಯರು ಹೇಳದೆ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿಸುವುದು, ನಾಟಿ ಮದ್ದು ಇಡಿಸುವುದು ಪ್ರಾಣಕ್ಕೆ ಅಪಾಯ.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಲು ಮರೆಯಬೇಡಿ. ಬೇಕಾದಲ್ಲಿ ಅದನ್ನು 72 ಗಂಟೆಯೊಳಗೆ ಕೊಡಿಸಬೇಕು. ಮುಂದಿನ ಮಗುವಿನ ಕ್ಷೇಮಕ್ಕೆ ಇದು ಮುಖ್ಯ.

ಸಿದ್ಧವಿರಬೇಕಾದ ಸಾಮಾನುಗಳು

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಈ ಕೆಳಗಿನವನ್ನು ಒಂದು ಬುಟ್ಟಿಯಲ್ಲಿ ಜೋಡಿಸಿ ಆಕೆಯ ಕೈಗೆ ಎಟುಕುವಲ್ಲಿ ಇಡಬೇಕು. ಪ್ರತಿಯೊಂದಕ್ಕೂ ಯಾರನ್ನಾದರೂ ಕೇಳಬೇಕಾಗಿ ಬಂದರೆ ಸಂಕೋಚಪಟ್ಟು ಆಕೆ ಕೇಳದೆಯೇ ಉಳಿಯುತ್ತಾಳೆ.

1. ಪ್ಯಾಡುಗಳು ಅಥವಾ ಹತ್ತಿ ಬಟ್ಟೆ: ರಕ್ತ ಒಂದೆರಡು ವಾರ ಸ್ವಲ್ಪ ಸ್ವಲ್ಪವಾಗಿ ಹೋಗುವುದುಂಟು. ದೊಡ್ಡ ಅಳತೆಯ ಪ್ಯಾಡುಗಳನ್ನು ತಂದಿಡಿ. ಬಟ್ಟೆ ಬಳಸುವುದಾದರೆ ಸೋಪು ಹಾಕಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯೇ ಆಗಬೇಕು. 4 ರಿಂದ 6 ಗಂಟೆಗೊಮ್ಮೆ ಬದಲಾಯಿಸಬೇಕು.

2. ಶಾಖಕ್ಕೆ ಬಿಸಿನೀರಿನ ಚೀಲ: ಕಿಬ್ಬೊಟ್ಟೆ ಮತ್ತು ಸೊಂಟದ ನೋವಿಗೆ ಇದು ಒಳ್ಳೆಯ ಉಪಾಯ. ಚೀಲ ಇಲ್ಲದಿದ್ದರೆ ಕಲ್ಲುಪ್ಪನ್ನು ಹುರಿದು ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಬಹುದು. ಮೊದಲು ನಿಮ್ಮ ಕೈಗೆ ಮುಟ್ಟಿಸಿ ನೋಡಿ. ಒಂದು ಸಲಕ್ಕೆ 15 ರಿಂದ 20 ನಿಮಿಷ ಸಾಕು.

3. ಮಾತ್ರೆಗಳು: ನೋವಿಗೆ ವೈದ್ಯರು ಬರೆದುಕೊಟ್ಟ ಮಾತ್ರೆ, ಸಾಮಾನ್ಯವಾಗಿ ಪ್ಯಾರಾಸಿಟಮಾಲ್. ರಕ್ತ ಹೋಗುತ್ತಿರುವಾಗ ಆಸ್ಪಿರಿನ್ ಬೇಡ. ಜೊತೆಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ. ಎಷ್ಟು ದಿನ ನುಂಗಬೇಕೆಂದು ಕೇಳಿ ಬರೆಸಿಕೊಳ್ಳಿ.

4. ಥರ್ಮಾಮೀಟರು: ಜ್ವರ ಬಂದಿದೆಯೇ ಎಂದು ಬೆಳಿಗ್ಗೆ ಸಂಜೆ ನೋಡಲು.

5. ಬಿಸಿನೀರಿನ ಫ್ಲಾಸ್ಕು ಮತ್ತು ಲೋಟ: ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಪಥ್ಯ ಇಲ್ಲಿ ಬೇಡ. ರಕ್ತ ಹೋದ ದೇಹಕ್ಕೆ ನೀರು ಬೇಕು.

6. ಗಾಢ ಬಣ್ಣದ ಹಳೆಯ ಸೀರೆ ಅಥವಾ ನೈಟಿ, ಹಾಸಲು ಮೆತ್ತನೆಯ ಬಟ್ಟೆ, ಒಂದು ಕಂಬಳಿ: ಕಲೆಯಾದೀತೆಂಬ ಅಳುಕಿಲ್ಲದೆ ಆಕೆ ಮಲಗುವಂತಿರಬೇಕು.

ಇಷ್ಟೆಲ್ಲ ಇಟ್ಟು ಮೈಲಿಗೆಯೆಂದು ಆಕೆಯನ್ನು ಜಗಲಿಯಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಮಲಗಿಸಿದರೆ ಪ್ರಯೋಜನವಿಲ್ಲ. ಕೊಟ್ಟಿಗೆಯಲ್ಲಿ ನಂಜಾಗುವ ಸಂಭವ ಹೆಚ್ಚು. ಮನೆಯೊಳಗೆ ಗಾಳಿ ಬೆಳಕಿರುವ ಕಡೆ, ಕಕ್ಕಸಿಗೆ ಹತ್ತಿರವಾಗಿ ಮಲಗಿಸಿ. ಬಿಸಿನೀರು ಹುಯ್ದುಕೊಂಡು ಸ್ನಾನ ಮಾಡಬಹುದು. ಕೆರೆ, ಕಾಲುವೆಯಲ್ಲಿ ಮುಳುಗಿ ಸ್ನಾನ ಬೇಡ. ರಕ್ತ ಪೂರ್ತಿ ನಿಲ್ಲುವವರೆಗೆ ಗಂಡಹೆಂಡಿರ ಕೂಡುವಿಕೆಯೂ ಬೇಡ.

ಊಟ ಉಪಚಾರ

ರಾಗಿ ಅಂಬಲಿ, ಮುದ್ದೆ, ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಹುರುಳಿ ಅಥವಾ ಹೆಸರುಕಾಳಿನ ಮೊಳಕೆ ಸಾರು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ ಒಳ್ಳೆಯದು. ಸೊಪ್ಪುಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇರಬೇಕು.

ಇನ್ನು ಹಾಲು. ದಿನಕ್ಕೆ ಹತ್ತು ಲೀಟರ್ ಹಾಲು ಅಳೆಯುವ ಮನೆಯಲ್ಲೂ ಹೆಂಗಸರು ಕರಿ ಕಾಫಿ ಕುಡಿದು ಇರುವುದುಂಟು. ಡೇರಿಗೆ ಕ್ಯಾನು ಹೊರಡುವ ಮುನ್ನವೇ ಆಕೆಯ ಪಾಲಿನ ಅರ್ಧ ಲೀಟರ್ ಹಾಲನ್ನು ಮನೆಯಲ್ಲಿ ತೆಗೆದಿಟ್ಟು ಚೆನ್ನಾಗಿ ಕಾಯಿಸಿ ಕೊಡಿ. ಆದರೆ ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜೊತೆ ನುಂಗಬಾರದು. ಹಾಲು, ಟೀ, ಕಾಫಿ ಮೂರೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಮಾತ್ರೆಗೂ ಹಾಲಿಗೂ ಎರಡು ಗಂಟೆ ಅಂತರವಿರಲಿ. ಮಾತ್ರೆ ನುಂಗಲು ನಿಂಬೆ ಪಾನಕ ಉತ್ತಮ.

ಎದೆಹಾಲು ಬಂದಾಗ

ನಾಲ್ಕು ತಿಂಗಳು ದಾಟಿದ ಮೇಲೆ ಗರ್ಭ ಹೋದರೆ ಕೆಲವರಿಗೆ ಎರಡು ಮೂರು ದಿನಗಳಲ್ಲಿ ಎದೆಯಲ್ಲಿ ಹಾಲು ಇಳಿಯುತ್ತದೆ. ಈ ಮಾತನ್ನು ಯಾರೂ ಮೊದಲೇ ಹೇಳಿರುವುದಿಲ್ಲವಾದ್ದರಿಂದ ತಾಯಿಗೆ ಅದು ದೊಡ್ಡ ಸಂಕಟ. ಹಿಂಡಿದಷ್ಟೂ ಹಾಲು ಬರುತ್ತದೆ, ಬಿಟ್ಟರೆ ಬತ್ತುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಇಲ್ಲಿಯೂ ಹಾಗೆಯೇ. ಮೈಗೆ ಸರಿಯಾಗಿ ಹೊಂದುವ ಒಳ ಉಡುಪು ತೊಟ್ಟು, ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಟ್ಟುಕೊಳ್ಳಬೇಕು. ತೀರ ಬಿಗಿದು ಕಟ್ಟಬಾರದು. ತಡೆಯಲಾರದಷ್ಟು ಬಿಗಿತವಿದ್ದರೆ ಹಗುರಾಗುವಷ್ಟು ಮಾತ್ರ ಹಿಂಡಿ ತೆಗೆಯಬಹುದು. ಎದೆ ಕೆಂಪಾಗಿ ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ತಡಮಾಡಬಾರದ ಲಕ್ಷಣಗಳು

ಒಂದು ಗಂಟೆಯಲ್ಲಿ ಎರಡು ಪ್ಯಾಡು ಪೂರ್ತಿ ನೆನೆದು, ಹಾಗೆಯೇ ಎರಡು ಗಂಟೆ ಮುಂದುವರಿದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೆ ಮೇಲ್ಪಟ್ಟರೆ. ಕೆಟ್ಟ ವಾಸನೆಯ ಸ್ರಾವವಿದ್ದರೆ. ಮಾತ್ರೆಗೂ ಬಗ್ಗದ ಹೊಟ್ಟೆನೋವಿದ್ದರೆ. ಕಣ್ಣು ಕತ್ತಲೆ ಬಂದು ಬಿದ್ದರೆ, ರಾತ್ರಿಯಾದರೂ ಸರಿ, 108 ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸೇರಿಸಿ. ಬೆಳಗಿನ ಹಾಲು ಹಾಕಿ ಹೋಗೋಣವೆಂದು ಕಾಯಬೇಡಿ.

ಕೊಟ್ಟಿಗೆಯ ಕೆಲಸ ಯಾರದು?

ಕಾರ್ಖಾನೆ ಮೊದಲಾದ ಕಡೆ ದುಡಿಯುವ ಅರ್ಹ ಮಹಿಳೆಗೆ ಗರ್ಭಸ್ರಾವವಾದರೆ 6 ವಾರ ಸಂಬಳ ಸಹಿತ ರಜೆ ಕೊಡಬೇಕೆಂದು 1961 ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 2020 ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ 6 ವಾರ ಹಾಗೆಯೇ ಇದೆ. ಸ್ವಂತ ಕೊಟ್ಟಿಗೆಯಲ್ಲಿ ದುಡಿಯುವವಳಿಗೆ ರಜೆ ಮಂಜೂರು ಮಾಡುವ ಮಾಲೀಕನಿಲ್ಲ. ಆ ರಜೆಯನ್ನು ಮನೆಯವರೇ ಕೊಡಬೇಕು.

ಬೇಗನೆ ಆದ ಗರ್ಭಸ್ರಾವವಾದರೆ ದೇಹ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳಬಹುದು. ರಕ್ತ ಹೆಚ್ಚು ಹೋಗಿದ್ದರೆ, ತಿಂಗಳು ತುಂಬಿದಷ್ಟೂ, ಹೆಚ್ಚು ಸಮಯ ಬೇಕು. ಮೊದಲ ವಾರ ಪೂರ್ತಿ ವಿಶ್ರಾಂತಿ ಇರಲಿ. ಅನಂತರ ಕೂತು ಮಾಡುವ ಹಗುರ ಕೆಲಸ. ಮೇವಿನ ಹೊರೆ, ತುಂಬಿದ ಕ್ಯಾನು, ನೀರಿನ ಕೊಡ ಇವನ್ನು ವೈದ್ಯರು ಸರಿ ಎನ್ನುವವರೆಗೆ ಹೊರಿಸಬಾರದು. ಗಂಡಸರು ಹಾಲು ಕರೆಯುವುದು, ಸಗಣಿ ಬಾಚುವುದು ಅವಮಾನವಲ್ಲ. ಕೈ ಸಾಲದ ಮನೆಯಲ್ಲಿ ನಾಟಿ ಕಾಲದ ಮುಯ್ಯಾಳಿನಂತೆ ನೆರೆಯವರ ನೆರವು ಪಡೆದು, ಮುಂದೆ ಅವರಿಗೆ ಒದಗಬಹುದು. ಆ ವಾರದ ಬಟವಾಡೆ ಹಣದಲ್ಲಿ ಆಕೆಯ ಔಷಧಿ, ಮೊಟ್ಟೆ, ಹಣ್ಣಿಗೆಂದು ಮೊದಲೇ ತೆಗೆದಿಡಿ.

ಆಡುವ ಮಾತು

ಎಲ್ಲ ಸಾಮಾನಿಗಿಂತ ಹೆಚ್ಚು ಸಮಾಧಾನ ಕೊಡುವುದು ಮಾತು. ಹೆಚ್ಚು ನೋಯಿಸುವುದೂ ಮಾತೇ. "ಇನ್ನೊಂದು ಆಗುತ್ತೆ ಬಿಡು", "ಇನ್ನೂ ಮಗುವೇ ಆಗಿರಲಿಲ್ಲವಲ್ಲ" ಎಂದು ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಹೆಸರು ಯೋಚಿಸಿದ್ದ ತಾಯಿಗೆ ಅದು ಮಗುವೇ. "ಆಗಬಾರದ್ದು ಆಯ್ತು ಕಣವ್ವಾ, ನೀನು ಮಲಗು, ಹಸ ನಾನು ನೋಡ್ಕೋತೀನಿ" ಎಂದು ಅತ್ತೆ ಒಂದು ಮಾತು ಹೇಳಿದರೆ ಅದೇ ದೊಡ್ಡ ಔಷಧಿ. ಅಳುವುದಾದರೆ ಅಳಲಿ. ನೆನಪಿಗೆ ಹಿತ್ತಲಲ್ಲಿ ಒಂದು ಗಿಡ ನೆಡಬೇಕೆನಿಸಿದರೆ ನೆಡಲಿ. ಗಂಡನಿಗೂ ದುಃಖವಿರುತ್ತದೆ, ಆತನನ್ನೂ ಮಾತನಾಡಿಸಿ. ನಾಮಕರಣ, ಸೀಮಂತಗಳಿಗೆ ಆಕೆಯನ್ನು ಕರೆಯದೆ ದೂರವಿಡಬಾರದು. ಬರಲಾರೆ ಎಂದರೆ ಬಲವಂತವನ್ನೂ ಮಾಡಬಾರದು.

ಎರಡು ವಾರ ಕಳೆದರೂ ನಿದ್ದೆ ಊಟ ಸೇರದಿದ್ದರೆ ಟೆಲಿ-ಮನಸ್ ಸಹಾಯವಾಣಿ 14416 ಕ್ಕೆ ಫೋನು ಮಾಡಿ. ಇದು 2022 ರಲ್ಲಿ ಆರಂಭವಾದ ಉಚಿತ ಸೇವೆ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯದೆ ಅಂದೇ ಫೋನು ಮಾಡಿ. ಆಕೆಯನ್ನು ಒಂಟಿಯಾಗಿ ಬಿಡಬೇಡಿ.

ರಾಸು ಸಾಕುವವರು ವೈದ್ಯರಿಗೆ ಹೇಳಬೇಕಾದ ಮಾತು

ರಾಸುಗಳು ಐದು ತಿಂಗಳ ನಂತರ ಕಂದು ಹಾಕಲು ಕಾರಣವಾಗುವ ಬ್ರೂಸೆಲ್ಲೋಸಿಸ್ ರೋಗ ಮನುಷ್ಯರಿಗೂ ಹರಡುತ್ತದೆ. ಸತ್ತ ಕರು, ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದ, ಹಸಿ ಹಾಲು ಕುಡಿಯುವುದರಿಂದ ಅಂಟುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು, ಬೆನ್ನುನೋವು ಇದರ ಲಕ್ಷಣ. ಬಸುರಿಯರಿಗೆ ತಗುಲಿದರೆ ಗರ್ಭ ಹೋಗುವ ಸಂಭವವಿದೆ. ಆದ್ದರಿಂದ ನಿಮ್ಮ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದರೆ ಆ ವಿಷಯವನ್ನು ಆಸ್ಪತ್ರೆಯಲ್ಲಿ ತಪ್ಪದೆ ಹೇಳಿ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ. ಬಸುರಿಯರು ಹಸುವಿನ ಹೆರಿಗೆ, ಮಾಸು ತೆಗೆಯುವ ಕೆಲಸಕ್ಕೆ ಹೋಗಬಾರದು. 4 ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಿ.

ಮುಂದಿನ ಬಸಿರು

ಮುಟ್ಟು ಸಾಮಾನ್ಯವಾಗಿ 4 ರಿಂದ 6 ವಾರಗಳಲ್ಲಿ ಮರಳುತ್ತದೆ. ಆದರೆ ಅದಕ್ಕೂ ಮುನ್ನವೇ ಮತ್ತೆ ಗರ್ಭ ನಿಲ್ಲಬಹುದು. ಮುಂದಿನ ಗರ್ಭಕ್ಕೆ 6 ತಿಂಗಳು ಬಿಡಬೇಕೆಂದು ನಮ್ಮ ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳಲ್ಲಿ ಸಲಹೆ ಮಾಡುತ್ತಾರೆ. ಯಾವ ವಿಧಾನ ಅನುಸರಿಸಬೇಕೆಂದು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಒಮ್ಮೆ ಗರ್ಭಸ್ರಾವವಾದವರಲ್ಲಿ ಹೆಚ್ಚಿನವರಿಗೆ ಮುಂದೆ ಆರೋಗ್ಯವಂತ ಮಗುವಾಗುತ್ತದೆ. ಎರಡು ಸಲ ಹೀಗಾದರೆ ಗಂಡಹೆಂಡಿರಿಬ್ಬರೂ ತಜ್ಞ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಂಡತಿಯೊಬ್ಬಳನ್ನೇ ಕಳುಹಿಸುವುದು ಸರಿಯಲ್ಲ.

ಸದಸ್ಯ ಬಂಧುಗಳು ಈ ವಿಷಯವನ್ನು ಹೆಂಗಸರ ಮಾತೆಂದು ಬದಿಗಿಡದೆ ಮನೆಯವರೆಲ್ಲರಿಗೂ ಓದಿ ಹೇಳಬೇಕು. ಮಹಿಳಾ ಸಂಘಗಳು ತಮ್ಮ ತಿಂಗಳ ಸಭೆಯಲ್ಲಿ ಆಶಾ ಕಾರ್ಯಕರ್ತೆಯನ್ನು ಕರೆಸಿ ಚರ್ಚಿಸಬಹುದು. ಮೇಲೆ ಹೇಳಿದ ಬುಟ್ಟಿಗೆ ಹೆಚ್ಚು ಖರ್ಚಿಲ್ಲ. ಅಂತಹ ದಿನ ಬಂದಾಗ ಅದನ್ನು ಜೋಡಿಸಿ ಕೊಡುವ ಒಬ್ಬರು, ಕೊಟ್ಟಿಗೆ ನೋಡಿಕೊಳ್ಳುವ ಇನ್ನೊಬ್ಬರು ಮನೆಯಲ್ಲಿದ್ದರೆ ತಾಯಿ ಬೇಗ ಚೇತರಿಸಿಕೊಳ್ಳುತ್ತಾಳೆ.