ರೊಟ್ಟಿ ಬಡಿಯುವ ಊರಲ್ಲಿ ಎರಡು ದಿನ

ಸೊಲ್ಲಾಪುರ ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಚಾದರ, ಆಮೇಲೆ ಸಿದ್ಧರಾಮೇಶ್ವರ. ಉಣ್ಣುವ ಸಲುವಾಗಿಯೇ ಆ ಊರಿಗೆ ಹೋದವರು ಕಡಿಮೆ. 2024ರ ಜನವರಿ ಕೊನೆಯ ಶನಿವಾರ, ಭಾನುವಾರ ನಾವು ನಾಲ್ವರು ಗೆಳೆಯರು ವಿಜಯಪುರದಿಂದ ಅಲ್ಲಿಗೆ ಹೋದದ್ದು ಮಾತ್ರ ಬರೀ ಊಟಕ್ಕೆ. ನಮ್ಮಲ್ಲೊಬ್ಬ ಮಾಸ್ತರ, ಒಬ್ಬ ಬ್ಯಾಂಕಿನವ, ಇನ್ನೊಬ್ಬ ಇಂಡಿಯ ಉರ್ದು ಮನೆಮಾತಿನ ಗೆಳೆಯ. ಹಸಿವೆಯ ವಿಷಯದಲ್ಲಿ ನಾಲ್ವರದೂ ಒಂದೇ ಮತ.

ಎರಡೂ ಊರುಗಳ ನಡುವೆ ಸುಮಾರು ನೂರು ಕಿಲೋಮೀಟರು. ಹೊರ್ತಿ, ಝಳಕಿ ದಾಟಿ ಧೂಳಖೇಡದ ಹತ್ತಿರ ಭೀಮಾ ನದಿಯ ಸೇತುವೆ ಬಂತೆಂದರೆ ಕರ್ನಾಟಕ ಮುಗಿಯಿತು. ಆಚೆ ದಂಡೆಯಲ್ಲಿ ಬೋರ್ಡಿನ ಭಾಷೆ ಬದಲಾಗುತ್ತದೆ, ಹೊಲ ಬದಲಾಗುವುದಿಲ್ಲ. ಅದೇ ಎರೆಮಣ್ಣು, ಅದೇ ಹಿಂಗಾರಿ ಬಿಳಿಜೋಳ, ನಡುನಡುವೆ ಕಬ್ಬು, ದಾಳಿಂಬೆ. ಬ್ರಿಟಿಷರ ಕಾಲದಲ್ಲಿ ಎರಡೂ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. 1956ರ ಪುನರ್ವಿಂಗಡಣೆಯಲ್ಲಿ ವಿಜಾಪುರ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಬೀಗತನ, ಸಂತೆ, ಜಾತ್ರೆ ಈ ಲೆಕ್ಕಕ್ಕೆ ಸಿಗದೆ ನಡೆದೇ ಇವೆ.

"ಕನ್ನಡದಾಗ ಕೇಳ್ರಿ"

ಮಧ್ಯಾಹ್ನದ ಊಟಕ್ಕೆ ಬಾಳೀವೇಸ್ ಭಾಗದ ಒಂದು ಸಣ್ಣ ಖಾನಾವಳಿಗೆ ಹೊಕ್ಕೆವು. ಗೋಡೆಯ ಮೇಲಿನ ದರಪಟ್ಟಿ ಪೂರಾ ಮರಾಠಿ. ನಮ್ಮ ಮಾಸ್ತರ ತನಗೆ ಬಂದಷ್ಟು ಮರಾಠಿಯಲ್ಲಿ ತಡವರಿಸುತ್ತ ಕೇಳತೊಡಗಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಲೆ ಎತ್ತದೆಯೇ, "ಕನ್ನಡದಾಗ ಕೇಳ್ರಿ ಯಪ್ಪಾ, ನಮಗ ತಿಳೀತದ" ಎಂದಳು. ಅಲ್ಲಿಗೆ ಮಾಸ್ತರನ ಕಷ್ಟ ಪರಿಹಾರವಾಯಿತು.

ತಾಟಿಗೆ ಬಂದದ್ದು ಬಿಸಿ ಜೋಳದ ರೊಟ್ಟಿ, ಎಣಗಾಯಿ ಬದನಿಕಾಯಿ, ಝುಣಕ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಶೇಂಗಾ ಹಿಂಡಿ. ಕಡೆಗೆ ತುಪ್ಪ ಸುರಿದ ಶೇಂಗಾ ಹೋಳಿಗೆ. ನಮ್ಮ ಮನೆಯ ಅಡಿಗೆಯೇ ಇದು, ಖಾರ ಮಾತ್ರ ಒಂದು ಕೈ ಮುಂದೆ. ಅಜ್ಜಿಯ ತವರು ಅಕ್ಕಲಕೋಟೆ ತಾಲೂಕು, ಅತ್ತೆಯ ತವರು ನಮ್ಮ ಇಂಡಿ. "ಬದನಿಕಾಯಿಗೆ ಎಳ್ಳು, ಶೇಂಗಾ ಹುರದು ಹಾಕೂದು ನಮ್ಮತ್ತಿ ಕಲಿಸಿದ್ರೀ" ಎಂದು ಒಂದೊಂದರ ವಂಶಾವಳಿ ಹೇಳಿದಳು.

ಗಲ್ಲೆಯ ಮೇಲೆ ಕುಳಿತಿದ್ದವ ಅಜ್ಜಿಯ ಮೊಮ್ಮಗ, ಕಾಲೇಜು ಹುಡುಗ. ಅಜ್ಜಿ ಕನ್ನಡದಲ್ಲಿ ಲೆಕ್ಕ ಹೇಳಿದಳು, ಅವನು ಮರಾಠಿಯಲ್ಲಿ ಬರೆದುಕೊಂಡ. ಕನ್ನಡ ಬರುವುದಿಲ್ಲವೇ ಎಂದು ನಾವು ಕೇಳಿದ್ದಕ್ಕೆ ನಾಚಿಕೊಂಡು, "ತಿಳೀತದ್ರಿ, ಮಾತಾಡ್ತೀನಿ, ಓದಾಕ ಬರೂದಿಲ್ಲ" ಎಂದ. ಎರಡು ದಿನವೂ ಬೇರೆ ಬೇರೆ ಬಾಯಿಂದ ಇದೇ ಉತ್ತರ ನಮಗೆ ಸಿಕ್ಕಿತು.

ಕಡಕ ರೊಟ್ಟಿ, ಶೇಂಗಾ ಚಟ್ನಿ

ಸೊಲ್ಲಾಪುರದಿಂದ ಊರೂರಿಗೆ ಹೋಗುವ ತಿನಿಸು ಎರಡು: ಕಡಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ತೆಳ್ಳಗೆ ಬಡಿದು ಬೇಯಿಸಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಮತ್ತೆ ಒಣಗಿಸಿದರೆ ನೀರಿನಂಶ ಹೋಗಿ ಹಪ್ಪಳದಂತೆ ಮುರಿಯುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ದೂರದ ಪ್ರಯಾಣಕ್ಕೆ, ಗಿರಣಿಯ ಪಾಳಿಗೆ ಹೋಗುವವರಿಗೆ ಇದಕ್ಕಿಂತ ಅನುಕೂಲದ ಬುತ್ತಿ ಯಾವುದು? ಬಟ್ಟೆ ಗಿರಣಿಗಳು ಬೆಳೆದಂತೆ ಸುತ್ತಲಿನ ಕನ್ನಡ, ಮರಾಠಿ ಹಳ್ಳಿಗಳಿಂದ ಕೂಲಿಕಾರರು ಬಂದರು, ತೆಲುಗು ಸೀಮೆಯಿಂದ ಪದ್ಮಸಾಲಿ ನೇಕಾರರು ಬಂದು ನೆಲೆಸಿದರು. ಗಿರಣಿಗಳ ಭೋಂಗಾ ನಿಂತಿದೆ, ರೊಟ್ಟಿ ಉಳಿದಿದೆ. ಇಂದು ಮನೆಯಲ್ಲೇ ಕಡಕ ರೊಟ್ಟಿ ಮಾಡಿ ಮಾರುವ ಹೆಂಗಸರು ಬಹಳ.

ರೊಟ್ಟಿ ರುಚಿಯಾಗಲು ಜೋಳವೂ ಅಂಥದೇ ಬೇಕು. ಇದೇ ಜಿಲ್ಲೆಯ ಮಂಗಳವೇಢೆ, ಕಲ್ಯಾಣಕ್ಕೆ ಮೊದಲು ಕಳಚುರಿಗಳ ರಾಜಧಾನಿಯಾಗಿದ್ದ ಊರು. ಅಲ್ಲಿನ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಮ್ಮ ವಿಜಯಪುರದ ರೈತರೂ ಮಾಲದಂಡಿ ಎಂದೇ ಕರೆಯುವ ಜೋಳವಿದು.

ಮಂಗಳವಾರ ಪೇಟೆಯ ಕಡೆ ಹೋದರೆ ಚಟ್ನಿಯ ವಾಸನೆ ದೂರದಿಂದಲೇ ಕರೆಯುತ್ತದೆ. ಹುರಿದ ಶೇಂಗಾ, ಬಳ್ಳೊಳ್ಳಿ, ಖಾರಪುಡಿ, ಜೀರಿಗೆ, ಉಪ್ಪು ಸೇರಿಸಿ ಎಣ್ಣೆ ಬಿಡುವ ತನಕ ಕುಟ್ಟುವುದೇ ಅದರ ಗುಟ್ಟು. ಮಿಕ್ಸರಿಗೆ ಹಾಕಿದರೆ ಪುಡಿಯಾಗುತ್ತದೆ, ಕುಟ್ಟಿದರೆ ಮುದ್ದೆ ಕಟ್ಟುತ್ತದೆ. ನಾವು ಅರ್ಧರ್ಧ ಕಿಲೋ ಕಟ್ಟಿಸಿಕೊಂಡೆವು. ಪೊಟ್ಟಣದ ಮೇಲೆ ಮರಾಠಿ, ಇಂಗ್ಲಿಷ್ ಇದ್ದವು, ಕನ್ನಡ ಇರಲಿಲ್ಲ. ಕಟ್ಟಿಕೊಟ್ಟ ಯಜಮಾನರು ಮಾತ್ರ, "ಮೊಸರ ಕಲಸಿ ತಿನ್ರಿ, ಎಣ್ಣಿ ಬ್ಯಾಡ" ಎಂದು ನಮ್ಮ ಭಾಷೆಯಲ್ಲೇ ಬುದ್ಧಿ ಹೇಳಿದರು.

ರಾತ್ರಿ ಇಂಡಿಯ ಗೆಳೆಯನ ಸರದಿ. ದಖನಿ ಉರ್ದು ಮಾತಾಡುವ ಹೋಟೆಲಿನಲ್ಲಿ ಕಡಕ ರೊಟ್ಟಿ ಮುರಿದು ಮಟನ್ ರಸಾದಲ್ಲಿ ನೆನೆಹಾಕಿ ಉಂಡ. ಪಕ್ಕದ ಮೇಜಿನಲ್ಲಿ ತೆಲುಗು, ಎದುರಿನಲ್ಲಿ ಮರಾಠಿ, ನಮ್ಮದು ಕನ್ನಡ. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ. ತುಪ್ಪ ಮರಾಠಿಗೆ ಹೋಗಿ ತೂಪವಾಯಿತು, ಅವರ ಝುಣಕ ನಮ್ಮ ತಾಟಿಗೆ ಬಂತು. ಅಡಿಗೆಮನೆಯ ಈ ಕೊಡುಕೊಳ್ಳುವಿಕೆಯಲ್ಲಿ ಯಾರಿಗೂ ನಷ್ಟವಾಗಿಲ್ಲ.

ಕೆರೆಯ ದಂಡೆಯಲ್ಲಿ

ಭಾನುವಾರ ಬೆಳಿಗ್ಗೆ ಸಿದ್ಧೇಶ್ವರ ಗುಡಿಗೆ ಹೋದೆವು. ಸುತ್ತ ಕೆರೆಯ ನೀರು, ಪಕ್ಕದಲ್ಲಿ ಕೋಟೆ. ಹನ್ನೆರಡನೇ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಕನ್ನಡ ವಚನ ಬರೆದ ಸಿದ್ಧರಾಮರ ಸಮಾಧಿ ಇಲ್ಲೇ ಇದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಊರಿನ 68 ಲಿಂಗಗಳ ಪ್ರದಕ್ಷಿಣೆ ಹಾಕುತ್ತವೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಲ್ಲಿಯೂ ಉಂಟು, ಭೀಮೆಯ ಈಚೆಯೂ ಉಂಟು. ಗುಡಿಯ ಅಂಗಳದಲ್ಲಿ ಕೈಮುಗಿಯುತ್ತಿದ್ದ ಮುದುಕರ ಬಾಯಲ್ಲಿ ಕನ್ನಡ ಕೇಳಿಸಿತು. ಅವರ ಕೈ ಹಿಡಿದು ಬಂದ ಮಕ್ಕಳ ಬಾಯಲ್ಲಿ ಹೆಚ್ಚಾಗಿ ಮರಾಠಿ.

ಸೀತನಿಯ ಹೊಗೆ

ಮರಳುವ ದಾರಿಯಲ್ಲಿ ದಕ್ಷಿಣ ಸೊಲ್ಲಾಪುರ ತಾಲೂಕಿನ ಮಂದ್ರೂಪದ ಕಡೆ, ಬ್ಯಾಂಕಿನ ಗೆಳೆಯನ ಬೀಗರ ಹೊಲದಲ್ಲಿ ಸೀತನಿ ಕಾದಿತ್ತು. ಹಾಲುಗಾಳು ಬಲಿತು ಇನ್ನೂ ಒಣಗದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳಬೇಕು. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ, ಮೊಸರು. ಮರಾಠಿಯಲ್ಲಿ ಇದು ಹುರಡಾ. ಒಂದು ಹೊಲದಲ್ಲಿ ಈ ಹದ ಸಿಗುವುದು ಕೆಲವೇ ದಿನ. ತಡವಾದರೆ ಕಾಳು ಗಟ್ಟಿಯಾಗಿ ರೊಟ್ಟಿಗಷ್ಟೇ ಸರಿ.

ತೆನೆ ಸುಡುತ್ತಿದ್ದ ಯಜಮಾನರು ಕಲಿತದ್ದು ಕನ್ನಡ ಶಾಲೆಯಲ್ಲಿ. ಮಕ್ಕಳಿಬ್ಬರನ್ನೂ ಮರಾಠಿ ಶಾಲೆಗೆ ಹಾಕಿದ್ದಾರೆ. ಕಾರಣ ಕೇಳಿದೆವು. "ಕನ್ನಡ ಸಾಲಿ ಕಲ್ತು ಮುಂದೇನ್ ಮಾಡೋದ್ರಿ? ಅರ್ಜಿ ಮರಾಠಿ, ಪರೀಕ್ಷಾ ಮರಾಠಿ, ನೌಕರಿ ಮರಾಠಿ. ನಿಮ್ಮ ಕಡೆ ಬಂದ್ರ ನಮ್ಮ ಹುಡುಗರಿಗೆ ಯಾರ್ ಕರದು ಕೂಡಸ್ತಾರ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ವರಲ್ಲಿ ಯಾರಿಗೂ ಜವಾಬು ಹೊಳೆಯಲಿಲ್ಲ, ಮಾಸ್ತರನಿಗೂ.

ಗಡಿಯ ಮಾತು ಬಂದರೆ ನಾವು ನಕಾಶೆ, ವರದಿ, ಕೋರ್ಟು ಎನ್ನುತ್ತೇವೆ. ಸೊಲ್ಲಾಪುರದ ಕನ್ನಡ ಅಷ್ಟರಲ್ಲಿ ಒಲೆಯ ಮುಂದೆ, ಅಂಗಡಿಯ ತಕ್ಕಡಿಯ ಹತ್ತಿರ, ಹೊಲದ ಬದುವಿನ ಮೇಲೆ ಬದುಕಿದೆ. ಪುಸ್ತಕದಿಂದ ಅದು ಜಾರುತ್ತಿದೆ. ಓದಲು ಬರದ ಮೊಮ್ಮಗ ನಾಳೆ ತನ್ನ ಮಕ್ಕಳೊಂದಿಗೆ ಯಾವ ಭಾಷೆಯಲ್ಲಿ ಮಾತಾಡುತ್ತಾನೆ? ಗಡಿಯಾಚೆಯ ಕನ್ನಡ ಶಾಲೆಗೆ ಪುಸ್ತಕ, ಮಾಸ್ತರರು ಹೊತ್ತಿಗೆ ಸಿಗಬೇಕು. ಅಲ್ಲಿ ಕಲಿತವರಿಗೆ ಈಚೆ ದಂಡೆಯಲ್ಲಿ ಕಾಲೇಜು, ಕೆಲಸದ ಬಾಗಿಲು ತೆರೆದಿರಬೇಕು. ಇದು ಸರಕಾರದ ಪಾಲಿನ ಕೆಲಸ.

ನಮ್ಮ ಪಾಲಿನದು ಸಣ್ಣದು. ಡಿಸೆಂಬರಿನಿಂದ ಫೆಬ್ರುವರಿ ಒಳಗೆ ಎರಡು ದಿನ ಬಿಡುವು ಮಾಡಿಕೊಂಡು, ನಾಲ್ಕು ಮಂದಿ ಗೆಳೆಯರನ್ನು ಕಟ್ಟಿಕೊಂಡು ಹೋಗಿ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ಮರಾಠಿ ಬೋರ್ಡು ನೋಡಿ ಹಿಂಜರಿಯದೆ, ರೊಟ್ಟಿ, ಹಿಂಡಿ, ಪುಂಡಿಪಲ್ಯ ಎಂದು ಕನ್ನಡದಲ್ಲೇ ಕೇಳಿ. ಒಲೆಯ ಮುಂದಿನ ಅಜ್ಜಿ ಉತ್ತರ ಕೊಡುತ್ತಾಳೆ. ಗಲ್ಲೆಯ ಮೇಲಿನ ಹುಡುಗನ ಹತ್ತಿರವೂ ನಾಲ್ಕು ಮಾತು ಕನ್ನಡದಲ್ಲಿ ಆಡಿ ಬನ್ನಿ.