ಪುಟದಿಂದ ಪರದೆಗೆ: ಕನ್ನಡ ಚಿತ್ರಕಥೆಯಲ್ಲಿ ಅಕ್ಷರದ ನೆಲೆ

ಚೌಕಟ್ಟುಗಳ ಅನುಕ್ರಮದಲ್ಲಿ ಕಾಲವನ್ನು ಅವಕಾಶವಾಗಿ ಪರಿವರ್ತಿಸುವ ಕಲಾಪ್ರಕಾರವೇ ಚಿತ್ರಕಥೆ. ಮುದ್ರಣಯುಗದಲ್ಲಿ ಈ ಅವಕಾಶದ ಘಟಕ ಪುಟವಾಗಿತ್ತು. ಡಿಜಿಟಲ್ ತಂತ್ರಜ್ಞಾನವು ಮೊದಲು ಸಡಿಲಿಸಿದ್ದು ಈ ಘಟಕವನ್ನು. ಪರದೆಯು ಪುಟವಲ್ಲ, ಎಲ್ಲೆಯಿಲ್ಲದ ಕ್ಯಾನ್ವಾಸಿಗೆ ತೆರೆದ ಕಿಟಕಿ ಎಂಬುದು 2000ದಲ್ಲಿ ಸ್ಕಾಟ್ ಮೆಕ್‌ಕ್ಲೌಡ್ ಮಂಡಿಸಿದ ವಾದ. ದಕ್ಷಿಣ ಕೊರಿಯದ ವೆಬ್‌ಟೂನ್‌ಗಳಲ್ಲಿ ಚೌಕಟ್ಟುಗಳು ಮೇಲಿನಿಂದ ಕೆಳಕ್ಕೆ ಹರಿಯುತ್ತವೆ. ನಡುವಿನ ಖಾಲಿ ಜಾಗ ಹಿಗ್ಗಿದಷ್ಟೂ ಕಥೆಯ ಕಾಲವೂ ಹಿಗ್ಗುತ್ತದೆ.

ಕನ್ನಡದ ಸಂದರ್ಭದಲ್ಲಿ ಇದು ಅಕ್ಷರದ ಪ್ರಶ್ನೆಯೂ ಹೌದು. 'ಅಮರ ಚಿತ್ರಕಥೆ' ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿಯೇ ಪ್ರಕಟವಾದವು. ಅವು ಪಾಶ್ಚಾತ್ಯ ಕಿನ್ನರಕಥೆಗಳ ಅನುವಾದಗಳು. ಭಾರತೀಯ ವಸ್ತು ಬಂದದ್ದು ಅನಂತರ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ. ಹೀಗೆ ಈ ಮಾಲೆಯಲ್ಲಿ ಕನ್ನಡವು ಮೊದಲು ಮಾತನಾಡಿದ್ದು ಅನ್ಯಲಿಪಿಯ ಅಳತೆಗೆ ಬರೆದ ಬಲೂನಿನೊಳಗೆ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಕನ್ನಡಕ್ಕೆ ರೋಮನ್ ಲಿಪಿಗಿಂತ ಹೆಚ್ಚಿನ ಸಾಲಂತರ ಬೇಕು. ಬಲೂನು ಹಿಗ್ಗದಿದ್ದರೆ ಅಕ್ಷರ ಕುಗ್ಗಬೇಕು, ಇಲ್ಲವೇ ಮಾತು ಮೊಟಕಾಗಬೇಕು.

ಗಣಕದಲ್ಲಿ ರೇಖೆ, ವರ್ಣ, ಬಲೂನು, ಅಕ್ಷರಗಳನ್ನು ಪ್ರತ್ಯೇಕ ಪದರಗಳಾಗಿ ಇಡಬಹುದು. ಮಾತಿಗೆ ತಕ್ಕಂತೆ ಬಲೂನನ್ನು ಮಾರ್ಪಡಿಸಬಹುದು; ಯುನಿಕೋಡ್ ಪಠ್ಯವನ್ನು ಹುಡುಕಬಹುದು, ತಿದ್ದಬಹುದು. ಆದರೆ ಈ ಸೌಲಭ್ಯಕ್ಕೆ ಎರಡು ಮುಖಗಳಿವೆ. ಕೈಬರಹದಲ್ಲಿ ಗಾತ್ರ ಮತ್ತು ಓರೆಗಳಿಂದ ಮೂಡುತ್ತಿದ್ದ ಪಿಸುಮಾತು, ಚೀತ್ಕಾರಗಳು ಒಂದೇ ಫಾಂಟಿನಲ್ಲಿ ಸಮತಟ್ಟಾಗುತ್ತವೆ. ಅಲ್ಲದೆ ಅಕ್ಷರಪದರವನ್ನಷ್ಟೇ ಬದಲಿಸಿದರೆ ಅನುವಾದ ಸಿದ್ಧವಾಗುವುದರಿಂದ ಸ್ವತಂತ್ರ ಕೃತಿಯ ಅಗತ್ಯವೇ ಮರೆಯಾಗುವ ಅಪಾಯವಿದೆ.

ಆದ್ದರಿಂದ ತಂತ್ರಜ್ಞಾನದ ಲಾಭವನ್ನು ಪರದೆಯ ವಿಸ್ತಾರದಿಂದ ಅಳೆಯಲಾಗದು. ಗೋಕಾಕ, ನಾಗನೂರ ಸೀಮೆಯ ಆಡುನುಡಿಯ ಲಯವೇ ಬಲೂನಿನ ಆಕಾರವನ್ನೂ ಚೌಕಟ್ಟಿನ ಅಂತರವನ್ನೂ ನಿರ್ಧರಿಸಿದಾಗ ಮಾತ್ರ ಕನ್ನಡ ಚಿತ್ರಕಥೆ ಸ್ವಂತ ರೂಪವನ್ನು ಪಡೆಯುತ್ತದೆ.