ಎರೆಮಣ್ಣಿನ ಹಾಳೆ, ಎಪಾಕ್ಸಿಯ ಬಲ

ಬಿರುಬೇಸಗೆಯಲ್ಲಿ ಹಿರಿಯೂರು ಕಡೆಯ ಎರೆಹೊಲ ಬಾಯಿಬಿಟ್ಟು ಕೂತಿರುತ್ತದೆ. ಮಳೆ ಬಿದ್ದು ನೀರು ಇಂಗಿತೆಂದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕಾರಣ ಮಾಂಟ್‌ಮೊರಿಲ್ಲೊನೈಟ್ ಕುಲದ ಜೇಡಿ ಖನಿಜ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ, ಅಂದರೆ ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳು ಅದರಲ್ಲಿ ಒಂದರ ಮೇಲೊಂದು ಕೂತಿವೆ. ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಸೀಳುತ್ತದೆ.

ಹೊಲವನ್ನು ಸೀಳುವ ಈ ಗುಣವೇ ಎಪಾಕ್ಸಿ ಅಂಟಿಗೆ ಬಲ ತುಂಬುವ ದಾರಿ ತೋರಿಸಿತು. ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ಜೋಗಿಮಟ್ಟಿ ಸುತ್ತಿನ ಗುಡ್ಡಗಳ ಮೇಲೆ, ಹೊಳಲ್ಕೆರೆ, ಹೊಸದುರ್ಗದ ದಿಣ್ಣೆಗಳ ಮೇಲೆ ತಿರುಗುವ ಗಾಳಿಯಂತ್ರದ ಫ್ಯಾನುಗಳನ್ನು ನೋಡಿ. ಇಂಥ ರೆಕ್ಕೆಗಳು ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಂಥ ರಾಳದಲ್ಲಿ ತೋಯಿಸಿ ಗಟ್ಟಿ ಮಾಡಿದವು. ನಾರು ಭಾರ ಹೊರುತ್ತದೆ, ರಾಳ ನಾರುಗಳನ್ನು ಹಿಡಿದಿಡುತ್ತದೆ. ರಾಳದಲ್ಲಿ ಸೀಳು ಬಿಟ್ಟರೆ ನಾರಿನ ಶಕ್ತಿಯೂ ವ್ಯರ್ಥ.

ಎಪಾಕ್ಸಿಯ ಹುಟ್ಟು 1930ರ ದಶಕದ್ದು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಹಲ್ಲಿನ ಚಿಕಿತ್ಸೆಗೆ ಬೇಕಾದ ವಸ್ತು ಹುಡುಕುತ್ತಾ ಇದನ್ನು ರೂಪಿಸಿದರು. ಸೀಬಾ ಕಂಪನಿ ಅದನ್ನು ಅರಾಲ್ಡೈಟ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಂದು ಟ್ಯೂಬಿನಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಎರಡೂ ಬೆರೆತಾಗ ಅಣುಗಳು ಬಲೆಯಂತೆ ಹೆಣೆದುಕೊಂಡು ಕಲ್ಲಾಗುತ್ತವೆ. ಆ ಬಿಗಿ ಹೆಣಿಗೆಯೇ ಅದರ ಶಕ್ತಿ, ಅದರ ದೋಷವೂ ಹೌದು: ಬಾಗುವುದು ಗೊತ್ತಿಲ್ಲ, ಸಣ್ಣ ಬಿರುಕು ಬಿಟ್ಟರೂ ಸರಸರನೆ ಹರಿದುಬಿಡುತ್ತದೆ.

1980ರ ದಶಕದಲ್ಲಿ ಜಪಾನಿನ ಟೊಯೋಟ ಸಂಶೋಧಕರು ಜೇಡಿಯ ಹಾಳೆಗಳನ್ನು ಬಿಡಿಸಿ ನೈಲಾನಿಗೆ ಸೇರಿಸಿ ಅದನ್ನು ಗಟ್ಟಿಗೊಳಿಸಿದರು. 1994ರ ಹೊತ್ತಿಗೆ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಿನ್ನವಾಯಾ ತಂಡ ಅದನ್ನೇ ಎಪಾಕ್ಸಿಯಲ್ಲಿ ಮಾಡಿತು. ಹಾಳೆಗಳ ನಡುವಿನ ಸೋಡಿಯಂನಂಥ ಅಯಾನುಗಳ ಜಾಗದಲ್ಲಿ ಸಾವಯವ ಅಯಾನುಗಳನ್ನು ಕೂರಿಸಿದರೆ ನೀರಿನ ಬದಲು ರಾಳವೇ ಒಳಕ್ಕೆ ನುಗ್ಗುತ್ತದೆ, ಅಲ್ಲೇ ಗಟ್ಟಿಯಾಗುತ್ತಾ ಹಾಳೆಗಳನ್ನು ದೂರ ತಳ್ಳುತ್ತದೆ. ರಬ್ಬರಿನಂತೆ ಬಳುಕುವ ಎಪಾಕ್ಸಿಗೆ ತೂಕದ ಶೇ 15ರಷ್ಟು ಜೇಡಿ ಸೇರಿಸಿದಾಗ ಅದರ ಬಲ ಹತ್ತು ಪಟ್ಟಿಗೂ ಮೀರಿತು.

ಆಮೇಲೆ ಬಂದದ್ದು ಗ್ರಾಫೀನ್, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅಂಟುಟೇಪಿನಿಂದ ಗ್ರಾಫೈಟನ್ನು ಸುಲಿದು ಅದನ್ನು ಬೇರ್ಪಡಿಸಿದರು. 2009ರಲ್ಲಿ ಅಮೆರಿಕದ ರೆನ್ಸೆಲರ್ ಸಂಸ್ಥೆಯ ತಂಡ ಎಪಾಕ್ಸಿಗೆ ಸೇರಿಸಿದ್ದು ತೂಕದ ಶೇ 0.1ರಷ್ಟು, ಅಂದರೆ ಕಿಲೋ ರಾಳಕ್ಕೆ ಒಂದು ಗ್ರಾಂ ಗ್ರಾಫೀನ್ ಚೂರು ಮಾತ್ರ. ಎಳೆತ ತಾಳುವ ಶಕ್ತಿ ಶೇ 40ರಷ್ಟು, ಬಿರುಕು ತಡೆಯುವ ಗುಣ ಶೇ 53ರಷ್ಟು ಹೆಚ್ಚಿತು. ನೇರ ಹರಿಯಬೇಕಾದ ಬಿರುಕು ಅಗಲವಾದ ಚೂರಿಗೆ ಡಿಕ್ಕಿ ಹೊಡೆದು ಓರೆಯಾಗುತ್ತದೆ, ತಿರುಚಿಕೊಳ್ಳುತ್ತದೆ. ಒಂದೊಂದು ತಿರುವಿಗೂ ಅದರ ಶಕ್ತಿ ಸೋರುತ್ತದೆ. ಅದೇ ವರ್ಷ ಬೆಂಗಳೂರಿನ ವಿಜ್ಞಾನಿಗಳು, ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು, ಬೇರೊಂದು ಪಾಲಿಮರಿಗೆ ಎರಡೆರಡು ಬಗೆಯ ನ್ಯಾನೊ ಇಂಗಾಲ ಬೆರೆಸಿ, ಒಂಟಿಯಾಗಿ ಕೊಡುವುದಕ್ಕಿಂತ ಅವು ಜೋಡಿಯಾಗಿ ಹೆಚ್ಚು ಬಲ ಕೊಡುತ್ತವೆಂದು ತೋರಿಸಿದರು.

ತೊಡಕು ಇರುವುದು ಬೆರೆಸುವುದರಲ್ಲಿ. ಹಾಳೆಗಳು ಒಂದನ್ನೊಂದು ಸೆಳೆದುಕೊಂಡು, ಸರಿಯಾಗಿ ತೊಳಸದ ಮುದ್ದೆಯಲ್ಲಿ ಹಿಟ್ಟು ಗಂಟುಗಟ್ಟಿದಂತೆ ಉಂಡೆಯಾಗುತ್ತವೆ. ಗಂಟಿದ್ದಲ್ಲೇ ಬಿರುಕು ಹುಟ್ಟುತ್ತದೆ. ಹೆಚ್ಚು ಹಾಕಿದರೆ ರಾಳ ಮಂದವಾಗಿ ನಾರಿನ ಎಡೆಗೆ ಇಳಿಯುವುದಿಲ್ಲ. ಒಳ್ಳೆಯ ಹಾಳೆ ಸಿಕ್ಕರೆ ಸಾಲದು, ಅದನ್ನು ಬಿಡಿಬಿಡಿಯಾಗಿ ಹರಡುವ ಕೈಚಳಕ ಬೇಕು. ನಿಜವಾದ ಸಂಶೋಧನೆ ಇನ್ನು ಇಲ್ಲೇ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಗ್ರಾಫೀನ್ ಟೆನಿಸ್ ರಾಕೆಟ್ಟಿಗೆ 2013ರಲ್ಲೇ ಬಂತು. ವರ್ಷಗಟ್ಟಲೆ ಗಾಳಿಯಲ್ಲಿ ಬಾಗುವ ಹತ್ತಾರು ಮೀಟರ್ ಉದ್ದದ ರೆಕ್ಕೆಯ ಪರೀಕ್ಷೆ ಅಷ್ಟು ಸುಲಭದ್ದಲ್ಲ.

ಇಂಥ ನಾರು-ರಾಳದ ಹಗುರ ದೇಹಕ್ಕೆ ಬೇಡಿಕೆ ಜಿಲ್ಲೆಯೊಳಗೇ ಇದೆ. ಚಳ್ಳಕೆರೆ ಸೀಮೆಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಿಂದ 2023ರ ಡಿಸೆಂಬರಿನಲ್ಲಿ ಬಾಣದ ತುದಿಯಾಕಾರದ ಚಾಲಕರಹಿತ ವಿಮಾನ ಹಾರಿತು. ಅದರ ಮೈ ರಾಳ ತುಂಬಿದ ದೇಶೀ ಕಾರ್ಬನ್ ನಾರಿನದು. ಅದರ ಆರೋಗ್ಯವನ್ನು ಗಮನಿಸುತ್ತಿರಲೆಂದು ಫೈಬರ್ ಸಂವೇದಕಗಳನ್ನೂ ಮೈಯೊಳಗೇ ಹುದುಗಿಸಿದ್ದರು.

ಗುಡ್ಡದ ಮೇಲಿನ ರೆಕ್ಕೆಗಳಿಗೆ ಇನ್ನೊಂದು ತುರ್ತಿದೆ. ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಹಳೆಯ ರೆಕ್ಕೆಯನ್ನು ಇಳಿಸಿದ ಮೇಲೆ ಹೊಸದಾಗಿ ಎರಕ ಹೊಯ್ಯಲು ಬರುವುದಿಲ್ಲ. ಕೊಯ್ದು, ಪುಡಿಮಾಡಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹಾಕಬೇಕು, ಇಲ್ಲವೆ ಹೂಳಬೇಕು. ಬಿರುಕು ತಡವಾದಷ್ಟೂ ಆ ದಿನ ಮುಂದೆ ಹೋಗುತ್ತದೆ.